ರಿಶಿರಿ–ರೆಬುನ್: ಹಡಗು ಸಲೀಸು, ಬಸ್ಸೇ ತಲೆನೋವು

ಜಪಾನಿನ ಉತ್ತರ ತುದಿಯ ವಕ್ಕನೈ ಬಂದರಿನಿಂದ ರಿಶಿರಿ, ರೆಬುನ್ ದ್ವೀಪಗಳಿಗೆ ಹೋಗಿಬರುವುದು ಹಾರ್ಟ್‌ಲ್ಯಾಂಡ್ ಫೆರಿ. ರಿಶಿರಿಯ ಒಶಿದೊಮಾರಿಗೆ ಸುಮಾರು 1 ಗಂಟೆ 40 ನಿಮಿಷ, ರೆಬುನ್‌ನ ಕಫುಕಾಕ್ಕೆ ಎರಡು ಗಂಟೆಗೆ ಸ್ವಲ್ಪ ಕಡಿಮೆ, ದ್ವೀಪದಿಂದ ದ್ವೀಪಕ್ಕೆ ಮುಕ್ಕಾಲು ಗಂಟೆ. ವಾಹನ ಇಲ್ಲದವರು ಎರಡನೇ ದರ್ಜೆಗೆ ಮುಂಗಡ ಕಾಯ್ದಿರಿಸಬೇಕಿಲ್ಲ, ಕೌಂಟರಿನಲ್ಲೇ ಟಿಕೆಟ್ ಸಿಗುತ್ತದೆ. ಶೂ ಬಿಚ್ಚಿಟ್ಟು ಕಾರ್ಪೆಟ್ ಮೇಲೆ ಮೈಚಾಚುವ ಕೋಣೆಯೂ ಇದೆ. ಹಡಗಿನಲ್ಲಿ ಹೊಟ್ಟೆ ತೊಳಸುವವರಿಗೆ ಅದೇ ವಾಸಿ. ಆದರೆ ಅಲೆ ಎದ್ದರೆ ಹಡಗು ರದ್ದು. ಹಾಗಾಗಿ ವಾಪಸ್ ವಿಮಾನಕ್ಕೂ ಕೊನೆಯ ಫೆರಿಗೂ ನಡುವೆ ಒಂದು ದಿನ ಖಾಲಿ ಬಿಡದೆ ಯೋಜನೆ ಹಾಕಬೇಡಿ.

ಮೊದಲು ರಿಶಿರಿಗೇ ಹೋಗಿ. ಅಲ್ಲಿನ ಬೆಟ್ಟಕ್ಕೆ ತಿಳಿಯಾದ ಹವೆ ಬೇಕೇಬೇಕು. ಕೆಟ್ಟರೆ ಮರುದಿನ ಹತ್ತಬಹುದು. ರೆಬುನ್‌ನ ಹಾದಿಗಳನ್ನು ಮಂಜಿನಲ್ಲೂ ನಡೆಯಬಹುದು.

ರಿಶಿರಿ ಬೆಟ್ಟದ ಎತ್ತರ 1721 ಮೀಟರ್, ನಮ್ಮ ಕುಮಾರಪರ್ವತಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆದರೆ ಗಿರಿಗದ್ದೆಯಲ್ಲಿ ಸಿಗುವಂತೆ ನಡುದಾರಿಯಲ್ಲಿ ಬಿಸಿ ಅನ್ನ ಸಿಗುವುದಿಲ್ಲ, ನೀರೂ ಇಲ್ಲ. ಒಶಿದೊಮಾರಿ ದಾರಿ ಶುರುವಾಗುವುದು 220 ಮೀಟರ್ ಸುಮಾರಿನಲ್ಲಿರುವ ಹೊಕುರೊಕು ಕ್ಯಾಂಪಿನಿಂದ. ಹೋಗಿಬರಲು 10ರಿಂದ 12 ಗಂಟೆ. ಬಂದರಿನಿಂದ ಅಲ್ಲಿಗೆ ಒಂದು ಗಂಟೆಯ ನಡಿಗೆ. ಎಷ್ಟೋ ವಸತಿಗೃಹಗಳು ಬೆಳಗಿನ ಜಾವ ಗಾಡಿಯಲ್ಲಿ ಬಿಡುತ್ತವೆ, ಹಿಂದಿನ ದಿನವೇ ಹೇಳಿಡಿ. ಜೂನ್‌ನಲ್ಲಿ ನಾಲ್ಕಕ್ಕೆಲ್ಲ ಬೆಳಕು ಹರಿಯುತ್ತದೆ. ಐದರೊಳಗೆ ಹೆಜ್ಜೆ ಹಾಕುತ್ತಿರಬೇಕು. ಹತ್ತು ನಿಮಿಷದಲ್ಲಿ ಸಿಗುವ ಕನ್ರೊ ಚಿಲುಮೆಯೇ ಕೊನೆಯ ನೀರು. ತಲೆಗೆ ಎರಡೂವರೆ ಲೀಟರಾದರೂ ತುಂಬಿಕೊಳ್ಳಿ, ಬಿಸಿಲಿದ್ದರೆ ಮೂರು.

ದಾರಿಯ ಹತ್ತು ಹಂತಗಳಲ್ಲಿ 8ನೆಯದಾದ ಚೋಕನ್‌ಜಾನ್ (1218 ಮೀಟರ್) ತಲುಪಿದಾಗ ಶಿಖರ ಮೊದಲ ಸಲ ಇಡಿಯಾಗಿ ಎದುರಿಗೆ ನಿಲ್ಲುತ್ತದೆ. ಎಷ್ಟು ಬಾಕಿ ಇದೆ ಎಂದು ಗೊತ್ತಾಗಿ ಕೆಲವರ ಉತ್ಸಾಹ ಇಳಿಯುವುದೂ ಇಲ್ಲೇ. ಸ್ವಲ್ಪ ಮುಂದೆ ತುರ್ತು ಆಸರೆಯ ಗುಡಿಸಲಿದೆ. 9ನೇ ಹಂತದ ಹಲಗೆಯ ಮೇಲೆ ‘ಅಸಲಿ ಪರೀಕ್ಷೆ ಇಲ್ಲಿಂದ’ ಎಂಬರ್ಥದ ಬರಹವಿದೆ, ಉತ್ಪ್ರೇಕ್ಷೆಯಲ್ಲ. ಅಲ್ಲಿಂದ ಮೇಲೆ ಜ್ವಾಲಾಮುಖಿಯ ಸಡಿಲ ಕೆಂಗಲ್ಲು. ಎರಡು ಹೆಜ್ಜೆ ಹತ್ತಿದರೆ ಒಂದು ಜಾರುತ್ತದೆ. ಇಳಿಯುವಾಗ ಇನ್ನೂ ಕಷ್ಟ: ನಿಮ್ಮ ಕಾಲಿನಿಂದ ಉದುರಿದ ಕಲ್ಲು ಕೆಳಗಿನವರ ತಲೆಗೇ ಹೋಗುತ್ತದೆ, ಅಂತರ ಬಿಟ್ಟು ಇಳಿಯಿರಿ. ಮಣ್ಣು ಕೊಚ್ಚಿಹೋಗುತ್ತದೆಂದು ಊರುಗೋಲಿನ ತುದಿಗೆ ರಬ್ಬರ್ ಟೋಪಿ ಹಾಕಬೇಕೆಂಬ ನಿಯಮವಿದೆ. ಇದೇ ಸವಕಳಿಯಿಂದ 1721ರ ದಕ್ಷಿಣ ಶಿಖರಕ್ಕೆ ಪ್ರವೇಶವಿಲ್ಲ. ಎಲ್ಲರೂ ಫೋಟೊ ತೆಗೆಸಿಕೊಳ್ಳುವ ಪುಟ್ಟ ಗುಡಿ ಇರುವುದು 1719 ಮೀಟರಿನ ಉತ್ತರ ಶಿಖರದಲ್ಲಿ. ಶೌಚಕ್ಕೆ ಚೀಲ ಒಯ್ದು, ದಾರಿಯಲ್ಲಿನ ಮರೆಗೂಡುಗಳಲ್ಲಿ ಬಳಸಿ, ಕಟ್ಟಿ ಕೆಳಗೆ ತರಬೇಕು. ದ್ವೀಪದ ಪಶ್ಚಿಮದ ಊರು ಕುತ್ಸುಗತಾ ಕಡೆಯಿಂದ ಹತ್ತುವ ದಾರಿಯಲ್ಲಿ ಕಲ್ಲು ಉರುಳುವ ಭಾಗವಿದೆ, ಮೊದಲ ಸಲದವರಿಗೆ ಬೇಡ.

ಕರಡಿ ದೂರವಿರಲೆಂದು ಚೀಲಕ್ಕೆ ಕಟ್ಟಿಕೊಳ್ಳುವ ಗಂಟೆ ಬೇಡ. ದ್ವೀಪಗಳಲ್ಲಿ ಕರಡಿಗಳಿಲ್ಲ. 2018ರಲ್ಲಿ ಒಂದು ಈಜಿ ರಿಶಿರಿಗೆ ಬಂದಿತ್ತು, 106 ವರ್ಷಗಳ ನಂತರ, ಅದೂ ಹೊರಟುಹೋಯಿತು.

ರೆಬುನ್‌ನಲ್ಲಿ ಎತ್ತರದ ಬೆಟ್ಟಗಳಲ್ಲಿ ಕಾಣುವ ಆಲ್ಪೈನ್ ಹೂಗಳು ಸಮುದ್ರಮಟ್ಟದ ಹತ್ತಿರವೇ ಅರಳುತ್ತವೆ. ತಂಪು, ಮಂಜು, ಗಾಳಿಯ ಕೃಪೆ. ಕೆನೆಬಣ್ಣದ ರೆಬುನ್ ಅತ್ಸುಮೊರಿ ಆರ್ಕಿಡ್ ನೋಡಬೇಕಿದ್ದರೆ ಮೇ ಕೊನೆಯಿಂದ ಜೂನ್ ಮಧ್ಯದೊಳಗೆ ಬನ್ನಿ. ಅರ್ಧ ದಿನ ಇದ್ದರೆ ಮೊಮೊಇವಾದಿಂದ ಶಿರೆತೊಕೊವರೆಗಿನ ಹಾದಿ ಸಾಕು. ಇಡೀ ದಿನ ಇದ್ದರೆ ಸುಕೊತೊನ್ ಭೂಶಿರದಿಂದ ಹೊರಡುವ ‘ಎಂಟು ಗಂಟೆ’ ಹಾದಿ; ಅದರಲ್ಲಿ ಸಡಿಲ ಮಣ್ಣಿನ ಕಡಿದಾದ ಇಳಿಜಾರಿದೆ, ಮಳೆಯ ಮರುದಿನ ಬಿಟ್ಟುಬಿಡಿ. ಪಶ್ಚಿಮದ ಗಾಳಿ ಬೆವರಿದ ಬೆನ್ನನ್ನು ನಿಮಿಷದಲ್ಲಿ ತಣ್ಣಗಾಗಿಸುತ್ತದೆ, ಜುಲೈನಲ್ಲೂ ಗಾಳಿ ತಡೆಯುವ ಜಾಕೆಟ್ ಇರಲಿ.

ಊಟಕ್ಕೆ ಬೇಸಿಗೆಯಲ್ಲಿ ‘ಉನಿ’ ಎಂಬ ಕಡಲಜೀವಿಯ ಅನ್ನ ಪ್ರಸಿದ್ಧ, ಬೆಲೆಯೂ ಜೋರು. ಸಸ್ಯಾಹಾರಿಗಳು ಹುಷಾರು: ಸೂಪು, ನೂಡಲ್ಸ್ ಎಲ್ಲದರಲ್ಲೂ ಮೀನಿನ ಸತ್ವ ಸೇರಿರುತ್ತದೆ. ಬಿಸಿನೀರಿಗೆ ಹಾಕಿದರಾಗುವ ಉಪ್ಪಿಟ್ಟು, ಅವಲಕ್ಕಿ ಪೊಟ್ಟಣ ಮನೆಯಿಂದಲೇ ತನ್ನಿ. ನೀರು ಕಾಯಿಸುವ ಒಲೆಯ ಗ್ಯಾಸ್ ಕ್ಯಾನನ್ನು ವಿಮಾನದಲ್ಲಿ ಬಿಡುವುದಿಲ್ಲ, ವಕ್ಕನೈಯಲ್ಲಿ ಕೊಳ್ಳಿ. ಎರಡೂ ದ್ವೀಪಗಳಲ್ಲಿ ಸೈಕೊಮಾರ್ಟ್ ಅಂಗಡಿಯಿದೆ.

ಅಂಕ ಕಡಿಮೆಯಾಗುವುದು ದ್ವೀಪದೊಳಗಿನ ಬಸ್ಸಿಗೆ. ದಿನಕ್ಕೆ ಕೈಬೆರಳೆಣಿಕೆಯ ಟ್ರಿಪ್; ಕಫುಕಾದಿಂದ ಸುಕೊತೊನ್‌ಗೆ ಒಂದು ಗಂಟೆ. ಬಸ್ಸು ತಪ್ಪಿದರೆ ಫೆರಿಯೂ ತಪ್ಪಿದಂತೆ. ಇಬ್ಬರು-ಮೂವರಿದ್ದರೆ ಬಾಡಿಗೆ ಕಾರೇ ಲೇಸು. ಆದರೆ ನಡಿಗೆ ಒಂದೆಡೆ ಶುರುವಾಗಿ ಇನ್ನೊಂದೆಡೆ ಮುಗಿಯುವುದರಿಂದ, ಕಾರನ್ನು ಹಾದಿ ಮುಗಿಯುವ ಕಡೆ ನಿಲ್ಲಿಸಿ, ಬೆಳಗಿನ ಬಸ್ಸಿನಲ್ಲಿ ಶುರುವಿನ ಜಾಗಕ್ಕೆ ಹೋಗಿ.