ನಾಲ್ಕು ಕ್ವಿಂಟಲ್ ಕಾರು, ಎಂಟುನೂರು ಕ್ವಿಂಟಲ್ ಕಾರು, ಮಧ್ಯೆ ಆಗುಂಬೆ ಘಾಟಿ

ನಮ್ಮ ಕಡೆ ದೊಡ್ಡ ಖರ್ಚನ್ನೆಲ್ಲ ಅಡಿಕೆಯಲ್ಲೇ ಅಳೆಯೋದು. ಮಗಳ ಮದುವೆಗೆ ಇಷ್ಟು ಕ್ವಿಂಟಲ್, ಹೆಂಚು ಇಳಿಸಿ ಆರ್‌ಸಿಸಿ ಹಾಕಿಸೋಕೆ ಇಷ್ಟು ಕ್ವಿಂಟಲ್. ರಾಶಿ ಇಡಿ ಅನ್ನೋ ದರ್ಜೆಯ ಅಡಿಕೆಗೆ ಕ್ವಿಂಟಲ್‌ಗೆ 50,000 ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ ನನ್ನ 2002ರ ಹೋಂಡಾ ಸಿಟಿ ವಿಟೆಕ್ ನಾಲ್ಕು ಕ್ವಿಂಟಲ್‌ನ ಕಾರು. ಭಾವನ ಮಿತ್ಸುಬಿಷಿ ಸೀಡಿಯಾ ಐದು. ಹೈಸ್ಕೂಲಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ ಗೆಳೆಯ ದೀಪಾವಳಿಗೆ ಬೆಂಗಳೂರಿಂದ ತಂದಿದ್ದ ಯುರೋಪಿನ ಸೂಪರ್‌ಕಾರ್ ಎಂಟುನೂರು ಕ್ವಿಂಟಲ್. ಅದರ ಹೆಸರು ಬೇಡ. ಮುಂದಿನದನ್ನು ಓದಿದರೆ ಯಾಕೆ ಅಂತ ಗೊತ್ತಾಗುತ್ತೆ.

ಮೂರನ್ನೂ ಒಂದೇ ಬೆಳಿಗ್ಗೆ, ಒಂದೇ ರಸ್ತೆಯಲ್ಲಿ ಓಡಿಸೋ ಯೋಗ ಕೂಡಿಬಂತು. ತೀರ್ಥಹಳ್ಳಿಯಿಂದ ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ತಿರುಗಿ ಹತ್ತಿ ವಾಪಸ್. 14 ಹೇರ್‌ಪಿನ್ ತಿರುವಿನ ರಸ್ತೆ ಅದು, ಮಿನಿ ಬಸ್ಸುಗಳೇ ಉಸಿರು ಬಿಗಿಹಿಡಿದು ತಿರುಗೋ ಜಾಗ. ಸ್ಟಾಪ್‌ವಾಚ್ ಹಿಡಿದು ಹೋಗೋ ರಸ್ತೆ ಅಲ್ಲ, ಹಿಡಿಯಲೂ ಇಲ್ಲ. ನಾನು ನೋಡಿದ್ದು ಇಷ್ಟೇ: ಹತ್ತುವಾಗ ಯಾವ ಕಾರಿನ ಶಕ್ತಿಯಲ್ಲಿ ಎಷ್ಟು ಪಾಲು ನನ್ನ ಕೈಗೆ ಸಿಕ್ಕಿತು?

ಮೊದಲು ದೊಡ್ಡವರ ಸುದ್ದಿ. ಆರುನೂರಕ್ಕೂ ಮೇಲೆ ಕುದುರೆಶಕ್ತಿ, ಎರಡು ಸೀಟು, ನೆಲಕ್ಕೆ ಅಂಟಿದ ಹಾಗಿರೋ ಮೂತಿ. ನಮ್ಮ ಮನೆಯ ಮಣ್ಣು ರಸ್ತೆಗೆ ಅದು ಇಳಿಯಲೇ ಇಲ್ಲ. ಹಾಲಿನ ಡೈರಿ ಎದುರು ನಿಲ್ಲಿಸಿ ಪುಣ್ಯಾತ್ಮ ಆಟೋ ಹತ್ತಿ ತಿಂಡಿಗೆ ಬಂದ. ಹಂಪ್ ಕಂಡಾಗ ಮುಂಭಾಗ ಎತ್ತೋಕೆ ಅದರಲ್ಲೊಂದು ಗುಂಡಿ ಇದೆ. ಆಗುಂಬೆ ತಲುಪೋವರೆಗೆ ಅವನು ಪಕ್ಕದಲ್ಲಿ ಕೂತು ಹೇಳಿದ್ದು ಒಂದೇ ಮಾತು, "ಒತ್ತು, ಒತ್ತು ಮಾರಾಯ, ಹಂಪ್ ಬಂತು!"

ಘಾಟಿ ಹತ್ತುವಾಗ ಗೇರ್ ಎರಡರಿಂದ ಮೇಲೆ ಏರಿದ್ದು ನನಗೆ ನೆನಪಿಲ್ಲ. ಆಕ್ಸಿಲರೇಟರ್ ಮೇಲೆ ಕಾಲು ಇಟ್ಟೆ ಅನ್ನೋದಕ್ಕಿಂತ ಇಡೋಕೆ ಹೆದರಿದೆ ಅನ್ನಬೇಕು. ಹೆಬ್ಬೆರಳಷ್ಟು ಒತ್ತಿದರೆ ಮುಂದಿನ ತಿರುವು ಮೂಗಿನ ಮುಂದೆ. ಬ್ರೇಕ್ ಮಾತ್ರ ದೇವರಾಣೆ ಅದ್ಭುತ, ಅಂಥದ್ದನ್ನು ನಾನು ಯಾವ ಕಾರಿನಲ್ಲೂ ಕಂಡಿಲ್ಲ. ಆದರೆ ಒಂದು ತಿರುವಿನಲ್ಲಿ ಮೇಲಿಂದ ಮಿನಿ ಬಸ್ ಬಂತು. ಹಿಂದೆ ಏನೂ ಕಾಣೋದಿಲ್ಲ, ಅಗಲ ಬೇರೆ ಜಾಸ್ತಿ. ರಿವರ್ಸ್ ತಗೊಳ್ಳುವಾಗ ಚಕ್ರದ ಅಂಚು ಕಟ್ಟೆಗೆ ಉಜ್ಜಿದ ಸದ್ದಿಗೆ ಇಬ್ಬರೂ ಸುಮ್ಮನಾದೆವು. ಕಟ್ಟೆ ಮೇಲೆ ಕೂತಿದ್ದ ಮಂಗ ಕೂಡ ಬಗ್ಗಿ ನೋಡಿತು. ಸೂರ್ಯಾಸ್ತದ ಕಟ್ಟೆ ಹತ್ತಿರ ನಿಲ್ಲಿಸಿದಾಗ ಅವನು "ಏನಿದು ತಣ್ಣಗೆ?" ಅಂತ ಕಾಲು ನೋಡಿಕೊಂಡ. ಉಂಬಳ, ನಮ್ಮ ಕಾಡಿನ ಜಿಗಣೆ. ಎಂಟುನೂರು ಕ್ವಿಂಟಲ್ ಕಾರಿನ ಮೆತ್ತನೆ ಸೀಟಿನ ಮೇಲೆ, ಹೊಟ್ಟೆ ತುಂಬಿಸಿಕೊಂಡು, ಇನ್ನೊಂದು.

ಈಗ ನನ್ನ ಸಿಟಿ. 1.5 ಲೀಟರ್, 106 ಕುದುರೆಶಕ್ತಿ, ತೂಕ ಸುಮಾರು ಒಂದು ಟನ್. ಕಾಗದದ ಮೇಲೆ ಇದರಲ್ಲಿ ಏನೂ ಇಲ್ಲ. ಎಲ್ಲ ಇರೋದು ಆ ವಿಟೆಕ್ ಅನ್ನೋ ಕಿತಾಪತಿಯಲ್ಲಿ. ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯೋ ಕ್ಯಾಮ್‌ಶಾಫ್ಟ್ ಅನ್ನೋ ದಂಡದ ಮೇಲೆ ಎರಡು ತರದ ಉಬ್ಬು ಇರುತ್ತೆ. ನಿಧಾನ ಹೋಗುವಾಗ ಸಣ್ಣ ಉಬ್ಬು ವಾಲ್ವ್‌ಗಳನ್ನು ಹದವಾಗಿ ತೆರೆಯುತ್ತೆ, ಆಗ ಇದು ಪೇಟೆಗೆ ಸಾಮಾನು ತರೋ ಸಾಧು ಕಾರು. ಎಂಜಿನ್ ಮೇಲಕ್ಕೆ ತಿರುಗಿದಾಗ ಆಯಿಲ್ ಒತ್ತಡಕ್ಕೆ ಒಂದು ಪಿನ್ ಸರಿದು ವಾಲ್ವ್ ಒತ್ತೋ ರಾಕರ್‌ಗಳನ್ನು ಒಟ್ಟಿಗೆ ಬೆಸೆಯುತ್ತೆ, ದೊಡ್ಡ ಉಬ್ಬು ಕೆಲಸಕ್ಕೆ ಇಳಿಯುತ್ತೆ, ವಾಲ್ವ್ ಜಾಸ್ತಿ ಹೊತ್ತು ಜಾಸ್ತಿ ತೆರೆದಿರುತ್ತೆ. ನನ್ನ ಕಿವಿಗೆ ಅದು ಗೊತ್ತಾಗೋದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತೆ ಅಂತ ತೋರಿಸೋ ಟ್ಯಾಕೋಮೀಟರ್ ಮುಳ್ಳು ಐದು ಸಾವಿರ ದಾಟಿದ ಮೇಲೆ. ಅಲ್ಲಿವರೆಗೆ ಗೊಣಗುತ್ತಿದ್ದ ಎಂಜಿನ್ ಆಮೇಲೆ ಗಂಟಲು ಬಿಚ್ಚಿ ಕೂಗುತ್ತೆ.

ಸೋಮೇಶ್ವರದಿಂದ ಮೇಲೆ ಬರುವಾಗ ಎರಡನೇ ಗೇರ್‌ನಲ್ಲಿ ಆ ಕೂಗನ್ನು ಎಬ್ಬಿಸಿ, ತಿರುವಿಗೆ ಮೊದಲು ಇಳಿಸಿ, ದಾಟಿದ ಮೇಲೆ ಮತ್ತೆ ಎಬ್ಬಿಸಿ ಬರಬೇಕು. ಬಲಗಾಲು ನೆಲ ಮುಟ್ಟುವಷ್ಟು ಒತ್ತಿದರೂ ಸ್ಪೀಡೋಮೀಟರ್‌ನಲ್ಲಿ ಜೀವಭಯದ ಅಂಕಿ ಕಾಣೋದಿಲ್ಲ. ಕಾರಿನ ಪೂರ್ತಿ ಶಕ್ತಿ ನನ್ನದು, ಕೊನೆ ಹನಿವರೆಗೆ. ಸ್ಟೀರಿಂಗ್‌ನಲ್ಲಿ ಪಾಚಿ ಹಿಡಿದ ಟಾರು ಯಾವುದು, ಒಣಗಿದ್ದು ಯಾವುದು ಅಂತ ಅಂಗೈಗೆ ತಿಳಿಯುತ್ತೆ.

ಕಷ್ಟ ಇಲ್ಲವೇ? ಇದೆ. ಹೋದ ಮಳೆಗಾಲ ಅಡಿಕೆ ಚಪ್ಪರದ ಕೆಳಗೆ ನಿಲ್ಲಿಸಿದ್ದೆ, ಇಲಿ ವೈರಿಂಗ್ ತಿಂದು ಎಂಜಿನ್ ಮೇಲೆ ಬಾಣಂತನ ಮುಗಿಸಿತ್ತು. ಹದಿನೈದು ವರ್ಷ ದಾಟಿದ ಕಾರು ಅಂದಮೇಲೆ ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಬೇಕು. ಇಂಥ ಹಳೇ ಸಿಟಿ ತಗೊಳ್ಳೋರಿಗೆ ಎರಡು ಮಾತು: ತಂದ ದಿನವೇ ಕ್ಯಾಮ್‌ಶಾಫ್ಟ್ ತಿರುಗಿಸೋ ಟೈಮಿಂಗ್ ಬೆಲ್ಟ್ ಬದಲಾಯಿಸಿ, ಅದು ತುಂಡಾದರೆ ಎಂಜಿನ್ ಬಿಚ್ಚೋ ಕೆಲಸ. ಆಯಿಲ್ ಕಮ್ಮಿ ಬಿಡಬೇಡಿ, ಆ ಪಿನ್ ಸರಿಯೋದೇ ಆಯಿಲ್ ಒತ್ತಡದಿಂದ.

ಓಡಿಸೋನ ಕೈಗೆ ಸಿಗೋ ಹಾಗೆ ಕಾರು ಮಾಡೋ ಈ ಬುದ್ಧಿ ಜಪಾನಿನವರಿಗೆ ಬಂದಿದ್ದಕ್ಕೂ ಅವರ ರಸ್ತೆಗೂ ಸಂಬಂಧ ಇದೆ ಅಂತ ನನ್ನ ನಂಬಿಕೆ. ಅವರ ದೇಶವೂ ಮುಕ್ಕಾಲು ಪಾಲು ಬೆಟ್ಟವೇ. ಘಾಟಿಗೆ ಅವರು ತೋಗೆ ಅಂತಾರೆ. 1983ರಲ್ಲಿ ಬಂದ ಟೊಯೋಟಾ ಎಇ86 ಬರೀ 1.6 ಲೀಟರ್‌ನ, ಒಂದು ಟನ್ ಆಸುಪಾಸಿನ ಹಗುರ ಕಾರು. ಅದು ಹೆಸರು ಮಾಡಿದ್ದೇ ಆ ಘಾಟಿಗಳಲ್ಲಿ. 1989ರ ಮಾಜ್ದಾ ಎಂಎಕ್ಸ್-5 ಇವತ್ತಿಗೆ ಹತ್ತು ಲಕ್ಷ ಕಾರಿಗೂ ಮೇಲೆ ಮಾರಾಟವಾಗಿದೆ. ಅದರ ಹಿಂದಿನ ಮಂತ್ರ 'ಜಿಂಬಾ ಇತ್ತಾಯ್', ಸವಾರನೂ ಕುದುರೆಯೂ ಒಂದೇ ಜೀವ ಅಂತ. 1990ರ ಹೋಂಡಾ ಎನ್‌ಎಸ್‌ಎಕ್ಸ್ ಅಂತೂ ದಿನಾ ಓಡಿಸಬಹುದಾದ ಸೂಪರ್‌ಕಾರ್. ಮೆಕ್‌ಲಾರೆನ್ ಎಫ್1 ಅನ್ನೋ ಸೂಪರ್‌ಕಾರ್ ರೂಪಿಸಿದ ಗೋರ್ಡನ್ ಮರ್ರೆಯೇ ಕಾರಿನ ನಡೆ ಹೇಗಿರಬೇಕು ಅನ್ನೋದಕ್ಕೆ ಎನ್‌ಎಸ್‌ಎಕ್ಸನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದ. 2007ರಲ್ಲಿ ಜಪಾನಿನಲ್ಲಿ 77.7 ಲಕ್ಷ ಯೆನ್‌ಗೆ ಬಂದ ನಿಸಾನ್ ಜಿಟಿ-ಆರ್ ಅದರ ಎರಡರಷ್ಟು ಬೆಲೆಯ ಯುರೋಪಿನ ಕಾರುಗಳ ನಿದ್ದೆ ಕೆಡಿಸಿತು. ಅದರ ಒಂದೊಂದು ಎಂಜಿನ್ನನ್ನೂ ಒಬ್ಬೊಬ್ಬ ಕುಶಲಕರ್ಮಿ ಕೈಯಲ್ಲೇ ಜೋಡಿಸುತ್ತಿದ್ದ.

ನಮಗೆ ಅದರಿಂದ ಬಂದ ಭಾಗ್ಯ ಅಷ್ಟಕ್ಕಷ್ಟೆ. 2016ರ ಕೊನೆಗೆ ಜಿಟಿ-ಆರ್ ಇಲ್ಲಿಗೆ ಬಂದಾಗ ಎಕ್ಸ್‌ಶೋರೂಮ್ ಬೆಲೆ 1.99 ಕೋಟಿ, ಅಂದರೆ ನಾನೂರು ಕ್ವಿಂಟಲ್. ಎಇ86 ತರಿಸೋಣ ಅಂದರೆ ಮೂರು ವರ್ಷಕ್ಕಿಂತ ಹಳೇ ಕಾರನ್ನು ಆಮದು ಮಾಡಿಕೊಳ್ಳೋಕೆ ಕಾನೂನು ಬಿಡೋದಿಲ್ಲ. ಹಾಗಾಗಿ ಮಲೆನಾಡಿನ ಬಡವನ ಜಪಾನಿ ಸ್ಪೋರ್ಟ್ಸ್ ಕಾರ್ ಅಂದರೆ ಗುಜರಿಗೆ ಹೋಗೋ ಮೊದಲು ನಾವು ಹಿಡಿದು ತಂದ ಇಂಥ ಸೆಡಾನ್‌ಗಳೇ.

ಸೀಡಿಯಾ ವಿಷಯಕ್ಕೆ ಬಂದರೆ, ಭಾವನ ಎದುರು ಅದನ್ನು ಸೆಡಾನ್ ಅನ್ನೋ ಹಾಗಿಲ್ಲ. "ಲ್ಯಾನ್ಸರ್ ಇವೊ ಏಳರ ಚಾಸಿ ಎಲ್ಲಿಂದ ಬಂತು ಅಂದುಕೊಂಡಿದ್ದೀಯ?" ಅಂತ ಶುರು ಮಾಡ್ತಾರೆ. ಮಾತು ಸುಳ್ಳಲ್ಲ, ಮಿತ್ಸುಬಿಷಿಯ ರ‍್ಯಾಲಿ ಖ್ಯಾತಿಯ ಕಾರು ಇವೊ ಏಳು ಈ ಸೀಡಿಯಾದ ಬುನಾದಿಯ ಮೇಲೇ ಕಟ್ಟಿದ್ದು. 2 ಲೀಟರ್ ಎಂಜಿನ್, 115 ಕುದುರೆಶಕ್ತಿ. ಕೂಗಿಸಬೇಕಾಗಿಲ್ಲ, ಮೂರನೇ ಗೇರ್‌ನಲ್ಲೇ ಎಮ್ಮೆ ಗಾಡಿ ಎಳೆದ ಹಾಗೆ ಎಳೆದುಕೊಂಡು ಹತ್ತುತ್ತೆ. ಇದರ ನಿಜವಾದ ಗತ್ತು ಗೊತ್ತಾಗೋದು ತಿರುವಿನ ಮಧ್ಯೆ ಗುಂಡಿ ಇದ್ದಾಗ. ನನ್ನ ಸಿಟಿ ಅಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಹಾರುತ್ತೆ. ಸೀಡಿಯಾದ ಹಿಂದಿನ ಮಲ್ಟಿಲಿಂಕ್ ಸಸ್ಪೆನ್ಷನ್ ಗುಂಡಿಯನ್ನು ನುಂಗಿ ಹಿಡಿದ ದಾರಿ ಬಿಡೋದಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಯಲ್ಲಿ ಸೀಡಿಯಾಗಳು ಕೆಂಪು ಮಣ್ಣು ಎರಚುತ್ತಾ ಹೋಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೆಟ್ರೋಲ್ ಮಾತ್ರ ಮದುವೆ ಮನೆ ಪಾಯಸದ ಹಾಗೆ ಕುಡಿಯುತ್ತೆ. ಘಾಟಿಯಲ್ಲಿ ನನ್ನದು ಲೀಟರ್‌ಗೆ 12 ಕಿ.ಮೀ. ಕೊಟ್ಟರೆ ಅದು 8. ಇನ್ನು ಬಿಡಿಭಾಗ. ಕಂಪನಿ ಇಲ್ಲಿ ಹೊಸ ಕಾರು ಮಾರೋದು ನಿಂತು ಎಷ್ಟೋ ವರ್ಷ ಆಯಿತು. ಭಾವ ಒಂದು ಟೇಲ್ ಲ್ಯಾಂಪ್‌ಗಾಗಿ ಶಿವಮೊಗ್ಗದಿಂದ ಕೊಯಮತ್ತೂರಿನವರೆಗೆ ಫೋನ್ ಮಾಡಿದ್ದರು.

ನಡುವೆ ಪಕ್ಕದ ಮನೆಯ ಹುಡುಗನ 1.3 ಪೆಟ್ರೋಲ್ ಸ್ವಿಫ್ಟನ್ನೂ ಒಂದು ಸುತ್ತು ಓಡಿಸಿದೆ. 2005ರಲ್ಲಿ ಬಂದ ಮಾದರಿ, 87 ಕುದುರೆಶಕ್ತಿ, ಪುಟ್ಟದು, ಚುರುಕು. ಸಾಮಾನು ಹೋಬಳಿ ಮಟ್ಟದಲ್ಲೂ ಸಿಗುತ್ತೆ. ಮೊದಲ ಸಲ ಇಂಥ ಹುಚ್ಚು ಹಿಡಿದವರಿಗೆ ಕಣ್ಣು ಮುಚ್ಚಿ ಇದನ್ನೇ ಹೇಳ್ತೀನಿ. ನನ್ನ ಕಿವಿಗೆ ಮಾತ್ರ ಆ ಕೂಗು ಬೇಕು.

ಮಳೆಗಾಲಕ್ಕೆ, ಕೆಟ್ಟ ರಸ್ತೆಗೆ, ಹುಲಿಕಲ್ ಕಡೆ ಮಂಜಿನಲ್ಲಿ ಹೋಗೋದಕ್ಕೆ ಸೀಡಿಯಾ. ಒಣ ರಸ್ತೆಯ ಬೆಳಗಿನ ಜಾವಕ್ಕೆ ಸಿಟಿ. ಎಂಟುನೂರು ಕ್ವಿಂಟಲ್‌ನದ್ದು ಬೆಂಗಳೂರಿನ ವಿಮಾನ ನಿಲ್ದಾಣದ ರಸ್ತೆಗೆ ಚೆನ್ನ. ಭಾವ ಇದನ್ನು ಓದಿದರೆ ಬೆಳಗಿನ ಜಾವಕ್ಕೂ ಸೀಡಿಯಾ ಅಂತ ತಿದ್ದಿಸದೆ ಬಿಡೋದಿಲ್ಲ.

ಕೊನೆಗೆ ಗೆಳೆಯನಿಗೆ ನನ್ನ ಕೀ ಕೊಟ್ಟೆ. ಉಂಬಳ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡೇ ಘಾಟಿ ಇಳಿದು ಹತ್ತಿದ. ಮೊದಲೆರಡು ತಿರುವು ಗೇರ್ ಹುಡುಕಿದ, ಮೂರನೆಯದಕ್ಕೆ ಎಂಜಿನ್ ಕೂಗಿತು, ಆಮೇಲೆ ಮಾತಿಲ್ಲ. ಮೇಲೆ ಬಂದು ನಿಲ್ಲಿಸಿದ ಮೇಲೂ ಎಂಜಿನ್ ಆಫ್ ಮಾಡಲಿಲ್ಲ.

"ಎಷ್ಟು ಕೊಟ್ಟೆ ಇದಕ್ಕೆ?"

"ನಾಲ್ಕು ಕ್ವಿಂಟಲ್."

"ಇನ್ನೊಂದು ಸಿಗುತ್ತಾ?"

ಸಾಗರದ ಹತ್ತಿರ ಕೆಎ-15 ನಂಬರಿನದ್ದೊಂದು ತಾಡಪಾಲಿನ ಕೆಳಗೆ ನಿಂತಿದೆಯಂತೆ, ಮೆಕ್ಯಾನಿಕ್ ಹೇಳಿದ. ಈ ಭಾನುವಾರ ನೋಡೋಕೆ ಹೋಗ್ತಿದ್ದೀವಿ, ನನ್ನ ಕಾರಿನಲ್ಲಿ.