ಲುಕ್ ರೆಪ್‌ಸೆಟ್ ಕ್ಲಚ್: ಪೆಟ್ಟಿಗೆಯಲ್ಲಿ ಏನಿದೆ, ಎಷ್ಟು ದಿನ ಬಾಳುತ್ತೆ

ಮ್ಯಾನ್ಯುವಲ್ ಗೇರ್ ಕಾರಿಗೆ ಕ್ಲಚ್ ಹಾಕಿಸಬೇಕು ಅಂದಾಗ ಬಿಡಿಭಾಗದ ಅಂಗಡಿಗಳಲ್ಲಿ ಪದೇಪದೇ ಕೇಳಿಬರುವ ಹೆಸರುಗಳು ವ್ಯಾಲಿಯೊ, ಎಕ್ಸೆಡಿ, ಲುಕ್. ಇವುಗಳಲ್ಲಿ ಲುಕ್ ಜರ್ಮನಿಯ ಶೆಫ್ಲರ್ ಕಂಪನಿಯ ಬ್ರ್ಯಾಂಡು. ಕ್ಲಚ್ ಭಾಗಗಳನ್ನು ಒಟ್ಟಾಗಿ ಒಂದೇ ಪೆಟ್ಟಿಗೆಯಲ್ಲಿ ಕೊಡುವ ಅದರ ಸೆಟ್ಟಿಗೆ ರೆಪ್‌ಸೆಟ್ ಅಂತ ಹೆಸರು. ಸಣ್ಣ ಪೆಟ್ರೋಲ್ ಕಾರಿಗೆ ಇದು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದಾದ ಸೆಟ್ಟು. ಆದರೆ ಕೂರಿಸುವ ಕೆಲಸ ಕೆಟ್ಟರೆ, ಇಲ್ಲವೇ ಎಡಗಾಲಿನ ಅಭ್ಯಾಸ ಕೆಟ್ಟಿದ್ದರೆ, ಎಂಥ ಒಳ್ಳೆ ಸೆಟ್ಟೂ ಬೇಗ ಹೋಗುತ್ತೆ.

ಪೆಟ್ಟಿಗೆಯಲ್ಲಿ ಮೂರು ಭಾಗ ಇರುತ್ತೆ: ಕ್ಲಚ್ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್. "ಪ್ಲೇಟ್ ಒಂದೇ ಹಾಕಿ ಸಾಕು" ಅನ್ನುವವರು ಒಂದು ವಿಷಯ ಯೋಚಿಸಬೇಕು. ಒಂದು ಭಾಗ ಬದಲಿಸಿದರೂ ಮೂರು ಬದಲಿಸಿದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಕೂಲಿ ಅಷ್ಟೇ. ಹಳೆ ಬೇರಿಂಗ್ ಆರು ತಿಂಗಳಿಗೆ ಕಿರುಗುಟ್ಟಲು ಶುರು ಮಾಡಿದರೆ ಅದೇ ಕೂಲಿ ಇನ್ನೊಮ್ಮೆ ಕೊಡಬೇಕಾಗುತ್ತೆ.

ಸೆಟ್ಟಿನಲ್ಲಿ ಏನಿಲ್ಲ ಅನ್ನೋದೂ ಗೊತ್ತಿರಲಿ. ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಚಕ್ರ), ಕ್ರ್ಯಾಂಕ್ ಹಿಂಬದಿಯ ಆಯಿಲ್ ಸೀಲ್, ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್, ಕ್ಲಚ್ ಕೇಬಲ್ ಇವೆಲ್ಲ ಬೇರೆ ಖರ್ಚು. ಗೇರ್‌ಬಾಕ್ಸ್ ಕೆಳಗಿರುವಾಗಲೇ ಎರಡೂ ಸೀಲ್ ನೋಡಿಸಿ. ಅಲ್ಲಿಂದ ಜಿನುಗುವ ಎಣ್ಣೆ ಹೊಸ ಪ್ಲೇಟಿಗೆ ತಾಗಿದರೆ ಕಾರು ಹೊರಡುವಾಗ ಗಡಗಡ ನಡುಗುತ್ತೆ, ಕೊನೆಗೆ ಪ್ಲೇಟ್ ಹಿಡಿಯದೆ ಜಾರುತ್ತೆ, ಅಂದರೆ ಸ್ಲಿಪ್ ಆಗುತ್ತೆ. ಎಣ್ಣೆ ಹೀರಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಪರಿಹಾರವಲ್ಲ. ಕೇಬಲ್ ಬದಲು ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಕ್ಲಚ್ ಇರುವ ಎಷ್ಟೋ ಕಾರುಗಳಲ್ಲಿ ಬೇರಿಂಗೂ ಅದನ್ನು ತಳ್ಳುವ ಸ್ಲೇವ್ ಸಿಲಿಂಡರೂ ಒಂದೇ ಜೋಡಣೆಯಾಗಿ ಗೇರ್‌ಬಾಕ್ಸ್ ಒಳಗೇ ಕೂತಿರುತ್ತೆ. ಅಂಥ ಕಾರಿಗೆ ಆ ಭಾಗವೂ ಸೇರಿರುವ ರೆಪ್‌ಸೆಟ್ ಪ್ರೊ ಕೇಳಿ ತೆಗೆದುಕೊಳ್ಳಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಅಂಗಡಿಯಲ್ಲಾಗಲಿ, ಕೊಳ್ಳುವಾಗ ಕಾರಿನ ಹೆಸರು ಹೇಳಿದರೆ ಸಾಲದು. ಈಗಿನ ವ್ಯಾಗನ್ ಆರ್ 1.0 ಮತ್ತು 1.2 ಲೀಟರ್ ಎರಡೂ ಎಂಜಿನ್ನಿನಲ್ಲಿ ಬರುತ್ತೆ. ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಹೊಂದಿಸಿಕೊಳ್ಳಿ. ಹಳೆ ಪ್ಲೇಟನ್ನು ಹೊಸದರ ಮೇಲಿಟ್ಟು ವ್ಯಾಸ, ನಡುವಿನ ಹಲ್ಲುಗಳ ಸಂಖ್ಯೆ ಎರಡೂ ನೋಡಿ. ಪೆಟ್ಟಿಗೆಯ ಮೇಲಿನ ಕೋಡನ್ನು ಶೆಫ್ಲರ್‌ನ ಒರಿಜಿನ್‌ಚೆಕ್ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ತಿಳಿಯುತ್ತೆ. ಬಿಲ್ ಬಿಡಬೇಡಿ.

ಕೂರಿಸುವಾಗ ಮೆಕ್ಯಾನಿಕ್ ಹತ್ತಿರ ನಿಂತು ನೋಡಬೇಕಾದ್ದು ಕೆಲವಿದೆ. ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು, ಬೆರಳಿಗೆ ಸಿಗುವ ಗೆರೆ ಇದ್ದರೆ ಹಾಗೇ ಮುಚ್ಚಬಾರದು, ಲೇತ್‌ಗೆ ಕಳಿಸಬೇಕು ಅಥವಾ ಬದಲಿಸಬೇಕು. ಪ್ಲೇಟಿನ ಯಾವ ಬದಿ ಫ್ಲೈವೀಲ್ ಕಡೆಗೆ ಅಂತ ಗುರುತು ಇರುತ್ತೆ. ತಿರುಗಿಸಿ ಕೂರಿಸಿದರೆ ಪೆಡಲ್ ಒತ್ತಿದರೂ ಕ್ಲಚ್ ಹಿಡಿತ ಬಿಡುವುದೇ ಇಲ್ಲ. ಪ್ಲೇಟನ್ನು ಅಲೈನ್‌ಮೆಂಟ್ ಟೂಲ್ ಹಾಕಿ ನಡುವಿಗೆ ತರಬೇಕು. ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಸುತ್ತಾ ಹೋಗಬೇಕು. ಒಂದೇ ಬದಿ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗುತ್ತೆ. ಶಾಫ್ಟಿನ ಹಲ್ಲಿಗೆ ಗ್ರೀಸು ತೆಳ್ಳಗೆ ಸವರಿದರೆ ಸಾಕು, ಹೆಚ್ಚಾದದ್ದು ತಿರುಗುವಾಗ ಸಿಡಿದು ಪ್ಲೇಟಿಗೇ ಹೋಗುತ್ತೆ. ಕೆಲವು ಕಾರುಗಳಲ್ಲಿ, ಮುಖ್ಯವಾಗಿ ಡೀಸೆಲ್ಲಿನಲ್ಲಿ, ಸವೆದಂತೆ ತಾನೇ ಹೊಂದಿಕೊಳ್ಳುವ ಪ್ರೆಶರ್ ಪ್ಲೇಟ್ ಇರುತ್ತೆ. ಅದನ್ನು ಕೂರಿಸಲು ಬೇರೆಯದೇ ಟೂಲ್ ಬೇಕು. ಆ ಟೂಲ್ ಇಲ್ಲದ ಗ್ಯಾರೇಜಿಗೆ ಆ ಕೆಲಸ ಕೊಡಬೇಡಿ.

ಇನ್ನು ಓಡಿಸುವ ವಿಷಯ. ಕ್ಲಚ್ ಹಿಡಿಯುತ್ತಿರುವಾಗ ಪ್ಲೇಟ್ ತಿರುಗುವ ವೇಗಕ್ಕೂ ಎಂಜಿನ್ ವೇಗಕ್ಕೂ ವ್ಯತ್ಯಾಸ ಇರುವಷ್ಟು ಹೊತ್ತು ಪ್ಲೇಟ್ ಜಾರುತ್ತಿರುತ್ತೆ, ಜಾರಿದಷ್ಟು ಹೊತ್ತೂ ಸವೆಯುತ್ತೆ. ಸಮತಟ್ಟು ರಸ್ತೆಯಲ್ಲಿ ಹೊರಡುವಾಗ ಹುಟ್ಟುವ ಶಾಖ ಎಂಜಿನ್ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 1,200 ಆರ್‌ಪಿಎಂ ಬದಲು 2,400ಕ್ಕೆ ಏರಿಸಿ ಹೊರಟರೆ ಶಾಖ ಸುಮಾರು ನಾಲ್ಕು ಪಟ್ಟು. ಹಂಪ್ ಮೇಲೆ ಬಹುತೇಕ ನಿಂತೇ ಬಿಟ್ಟ ಕಾರನ್ನು ಎರಡನೇ ಗೇರಿನಲ್ಲೇ ಹಾಫ್ ಕ್ಲಚ್ ಹಿಡಿದು ಎಳೆಸುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಮೊದಲ ಗೇರ್ ಅನುಪಾತ 3.5, ಎರಡನೆಯದು 1.9 ಇರುವ ಕಾರಿನಲ್ಲಿ ಇದರಿಂದ ಪ್ಲೇಟಿಗೆ ಬೀಳುವ ಶಾಖ ಮೊದಲ ಗೇರಿಗಿಂತ ಮೂರು ಪಟ್ಟಿಗೂ ಹೆಚ್ಚು. ಮೊದಲ ಗೇರಿಗೆ ಹಾಕಲು ಒಂದು ಸೆಕೆಂಡ್ ಸಾಕು.

ಟ್ರಾಫಿಕ್ಕಿನಲ್ಲಿ ಮುಂದಿನ ಗಾಡಿ ಎರಡಡಿ ಸರಿದಾಗೆಲ್ಲ ಸರಿಯಬೇಡಿ. ಒಂದೆರಡು ಕಾರಿನಷ್ಟು ಜಾಗ ಆಗಲಿ. ಆಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಐಡ್ಲಿಂಗಿನಲ್ಲೇ ತೆವಳಲು ಬಿಡಿ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯಿರಿ, ಒತ್ತಿ ಹಿಡಿದಷ್ಟು ಹೊತ್ತೂ ರಿಲೀಸ್ ಬೇರಿಂಗ್ ಭಾರ ಹೊತ್ತು ತಿರುಗುತ್ತಿರುತ್ತೆ. ಏರಿನಲ್ಲಿ ಹಾಫ್ ಕ್ಲಚ್ ಮೇಲೆ ಕಾರು ನಿಲ್ಲಿಸುವುದಂತೂ ಬೇಡವೇ ಬೇಡ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ರ‍್ಯಾಂಪನ್ನು ರಿವರ್ಸಿನಲ್ಲಿ ಹತ್ತಿಸುವವರ ಪ್ಲೇಟ್ ಎಲ್ಲರಿಗಿಂತ ಮೊದಲು ಹೋಗುತ್ತೆ. ನಿಧಾನ ಬೇಕು ಅಂತ ಇಡೀ ರ‍್ಯಾಂಪ್ ಕ್ಲಚ್ ಜಾರಿಸಿಕೊಂಡೇ ಹತ್ತುತ್ತಾರೆ. ಸಾಧ್ಯವಾದರೆ ರಿವರ್ಸಿನಲ್ಲಿ ಇಳಿದು, ಮುಂದಕ್ಕೆ ಹತ್ತುವ ಹಾಗೆ ನಿಲ್ಲಿಸಿ.

ಹೊಸ ಸೆಟ್ ಹಾಕಿದ ಮೊದಲ 500 ಕಿ.ಮೀ. ಜೋರು ಪಿಕಪ್, ಘಾಟಿ, ತುಂಬು ಲೋಡ್ ಬೇಡ. ಕೇಬಲ್ ಕ್ಲಚ್ ಆದರೆ ಪೆಡಲಿನ ಫ್ರೀ ಪ್ಲೇ (ಕ್ಲಚ್ ಕೆಲಸ ಶುರುವಾಗುವ ಮೊದಲಿನ ಸಡಿಲ ಚಲನೆ) ಮ್ಯಾನ್ಯುವಲ್ಲಿನಲ್ಲಿ ಹೇಳಿದಷ್ಟಿದೆಯೇ ಅಂತ ಪ್ರತಿ ಸರ್ವಿಸಿನಲ್ಲಿ ಅಳೆಸಿ. ಫ್ರೀ ಪ್ಲೇ ಇಲ್ಲದಿದ್ದರೆ ಕಾಲಿಡದೆಯೂ ಕ್ಲಚ್ ಅರೆ ಒತ್ತಿದಂತೆಯೇ ಇರುತ್ತೆ. ಪೆಡಲ್ ಗಟ್ಟಿ ಅನ್ನಿಸಿದರೆ ಸೆಟ್ ಬೈಯುವ ಮೊದಲು ಕೇಬಲ್ ಬಿಚ್ಚಿ ನೋಡಿಸಿ.

ಸ್ಲಿಪ್ ಅನುಮಾನ ಬಂದರೆ ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಎಗರಿ ಕಾರು ಮುಂದೆ ಹೋಗದಿದ್ದರೆ ಪ್ಲೇಟ್ ಮುಗಿದಿದೆ. ಆಗುಂಬೆಯಲ್ಲೋ ಶಿರಾಡಿಯಲ್ಲೋ ಹತ್ತುವಾಗ ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ಪಕ್ಕಕ್ಕೆ ಹಾಕಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕ್ಲಚ್ ಮೇಲೆ ಕಾಲಿಲ್ಲ, ಎಂಜಿನ್ ಐಡ್ಲಿಂಗಿನಲ್ಲಿ, ಹೀಗೆ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಹೊರಟು ನೋಡಿದಾಗಲೂ ಆರ್‌ಪಿಎಂ ಎಗರುತ್ತಿದ್ದರೆ ಇನ್ನು ಹತ್ತಿಸಬೇಡಿ, ಟೋ ಗಾಡಿ ಕರೆಸಿ. ಮುಂದುವರಿದರೆ ಪ್ಲೇಟಿನ ಜೊತೆ ಫ್ಲೈವೀಲೂ ಹೋಗುತ್ತೆ.