ವಿರ್ಬ್ಯಾಕ್ ಸಿ.ಇ.ಟಿ. ಪೇಸ್ಟ್: ನಾಯಿಯ ಹಲ್ಲಿಗೆ ಒಳ್ಳೆಯದು, ಜೊತೆಗೆ ಸರಿಯಾದ ಬ್ರಷ್ ಬೇಕು

ನೊರೆ ಬರದ, ನುಂಗಿದರೂ ತೊಂದರೆಯಿಲ್ಲದ ಎಂಜೈಮ್ ಪೇಸ್ಟ್ ಇದು. ಕೋಳಿ ರುಚಿಯದಕ್ಕೆ ಹೆಚ್ಚಿನ ನಾಯಿಗಳು ತಕರಾರಿಲ್ಲದೆ ಬಾಯಿ ಕೊಡುತ್ತವೆ. ಬಟಾಣಿ ಕಾಳಿನಷ್ಟು ಸಾಕು. ಬ್ರಷ್ಷಿನ ಎಳೆಗಳ ಒಳಗೆ ಒತ್ತಿ, ಇಲ್ಲದಿದ್ದರೆ ಉಜ್ಜುವ ಮೊದಲೇ ನೆಕ್ಕಿಬಿಡುತ್ತದೆ. ಬೆರಳಿಗೆ ಹಾಕುವ ರಬ್ಬರ್ ಬ್ರಷ್ ಅಭ್ಯಾಸ ಮಾಡಿಸಲಷ್ಟೇ ಸರಿ. ಕೊಳೆ ಹೆಚ್ಚು ಕಟ್ಟುವುದು ಮೇಲ್ದವಡೆಯ ಹಿಂದಿನ ದೊಡ್ಡ ಹಲ್ಲುಗಳ ಹೊರಮೈಯಲ್ಲಿ. ಅಲ್ಲಿಗೆ ಸಣ್ಣ ತಲೆಯ ಮೃದು ಬ್ರಷ್ಷೇ ಬೇಕು. ತುಟಿ ಎತ್ತಿ, ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು ಉಜ್ಜಿ.

ದಿನಾ ಉಜ್ಜದಿದ್ದರೆ ಪೇಸ್ಟಿನ ದುಡ್ಡು ದಂಡ. ಎರಡು-ಮೂರು ದಿನದಲ್ಲೇ ಕೊಳೆ ಗಟ್ಟಿಯಾಗುತ್ತದೆ. ಆಮೇಲೆ ಪಶುವೈದ್ಯರು ಅರಿವಳಿಕೆ ಕೊಟ್ಟು ಸ್ಕೇಲಿಂಗ್ (ಗಟ್ಟಿ ಕೊಳೆ ಕೆರೆದು ತೆಗೆಯುವುದು) ಮಾಡಬೇಕು. ಡಾಗ್ ಶೋಗಳಲ್ಲಿ ತೀರ್ಪುಗಾರರು ಹಲ್ಲಿನ ಜೋಡಣೆ ನೋಡುತ್ತಾರೆ. ಹಾಗಾಗಿ ಸ್ಕೇಲಿಂಗನ್ನು ಶೋ ವಾರಕ್ಕೆ ಉಳಿಸಬೇಡಿ, ಒಸಡು ಮಾಯಲು ಸಮಯ ಬೇಕು. ಮನುಷ್ಯರ ಪೇಸ್ಟ್ ಬೇಡವೇ ಬೇಡ: ಕೆಲವದರಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿಕಾರಕ ನಾಯಿಗೆ ವಿಷ.